ಗಲ್ಫಿಗೆ ಸಂಸಾರ ಸಮೇತ ಹೊರಟಿದ್ದೀರಾ? ಮೊದಲು ಮಕ್ಕಳ ಶಾಲೆ ನೋಡಿ

ಶಿರಾ, ಕುಣಿಗಲ್, ಪಾವಗಡ, ತುಮಕೂರು ಪಟ್ಟಣ – ನಮ್ಮ ಜಿಲ್ಲೆಯ ಯಾವ ಮೂಲೆಗೆ ಹೋದರೂ ಗಲ್ಫ್‌ನಲ್ಲಿ ದುಡಿಯುವವರ ಮನೆ ಒಂದಾದರೂ ಸಿಗುತ್ತದೆ. ಡ್ರೈವರ್, ಎಲೆಕ್ಟ್ರಿಷಿಯನ್, ನರ್ಸ್, ಲ್ಯಾಬ್ ಟೆಕ್ನಿಷಿಯನ್, ಅಕೌಂಟೆಂಟ್. ಒಬ್ಬರೇ ಹೋಗುವಾಗ ತಲೆನೋವು ಕಡಿಮೆ. ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳೋಣ ಅಂತ ಮನಸ್ಸು ಮಾಡಿದಾಗ ಬಾಡಿಗೆ, ವೀಸಾ, ಟಿಕೆಟ್ ಎಲ್ಲದರ ಲೆಕ್ಕ ಹಾಕುತ್ತಾರೆ. ಶಾಲೆಯದ್ದು ಮಾತ್ರ "ಅಲ್ಲಿ ಹೋದಮೇಲೆ ನೋಡಿಕೊಂಡ್ರಾಯ್ತು" ಅಂತ ಉಳಿದುಬಿಡುತ್ತದೆ.

ನಾನು ಗುಬ್ಬಿ ತಾಲ್ಲೂಕಿನ ಅನುದಾನಿತ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದೆ. ಟಿಸಿ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು. ಮಗಳ ಸಂಸಾರ ಈಗ ಮಸ್ಕತ್ತಿನಲ್ಲಿದೆ, ಮೊಮ್ಮಕ್ಕಳು ಅಲ್ಲಿನ ಭಾರತೀಯ ಶಾಲೆಯಲ್ಲೇ ಓದುತ್ತಿದ್ದಾರೆ. "ಮೇಷ್ಟ್ರೇ, ಟಿಸಿ ಕೊಡಿ, ಬರೋ ವಾರ ಫ್ಲೈಟು" ಅಂತ ಬಂದವರಿಗೆಲ್ಲ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ. ಅಲ್ಲಿ ಸೀಟು ಆಗಿದೆಯಾ? ಎಷ್ಟೋ ಜನರಿಗೆ ಆಗಿರುತ್ತಿರಲಿಲ್ಲ.

ಕಡಿಮೆ ಸಂಬಳದವರ ಮಕ್ಕಳೂ ಓದಬಹುದಾದ ಒಳ್ಳೆಯ ಶಾಲೆಗಳು ಗಲ್ಫ್‌ನಲ್ಲಿ ಇವೆ. ಆದರೆ ಅಲ್ಲಿ ಸೀಟು ನಿಮಗೋಸ್ಕರ ಕಾಯುತ್ತಾ ಕೂತಿರುವುದಿಲ್ಲ. ಇನ್ನೊಂದು ಮಾತು: ಬಹುಪಾಲು ಮಕ್ಕಳು ಒಂದಲ್ಲ ಒಂದು ದಿನ ಕರ್ನಾಟಕಕ್ಕೆ ವಾಪಸ್ ಬರುತ್ತಾರೆ. ಆ ದಾರಿಯನ್ನು ಹೋಗುವ ಮುಂಚೆಯೇ ಯೋಚಿಸಿಡಬೇಕು. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಕುಟುಂಬ ಕರೆಸಲು ಆಗುತ್ತದೆಯೇ, ನೋಡಿ

ಶಾಲೆ ಹುಡುಕುವ ಮುಂಚೆ ಫ್ಯಾಮಿಲಿ ವೀಸಾ ಸಿಗುತ್ತದೋ ಇಲ್ಲವೋ ತಿಳಿದುಕೊಳ್ಳಬೇಕು. ದುಬೈ, ಅಬುಧಾಬಿ, ಶಾರ್ಜಾ ಇರುವ ಯುಎಇಯಲ್ಲಿ ತಿಂಗಳಿಗೆ 4,000 ದಿರ್ಹಮ್ ಸಂಬಳ ಇರಬೇಕು. ಕಂಪನಿಯೇ ಮನೆ ಕೊಟ್ಟಿದ್ದರೆ 3,000 ಸಾಕು. ಕುವೈತ್‌ನಲ್ಲಿ 2024ರಲ್ಲಿ ಈ ಮಿತಿಯನ್ನು 800 ದಿನಾರ್‌ಗೆ ಏರಿಸಿದರು. ಕೆಲವು ವೃತ್ತಿಯವರಿಗೆ ವಿನಾಯಿತಿ ಇದೆ, ಆದರೆ ಸಾಮಾನ್ಯ ಕೆಲಸಗಾರನಿಗೆ ಅದು ದೊಡ್ಡ ಮೊತ್ತವೇ.

ಸೌದಿಯದ್ದು ಬೇರೆ ಕಥೆ. ಅಲ್ಲಿ ಖಾಸಗಿ ಕಂಪನಿಯಲ್ಲಿರುವ ವಿದೇಶಿಯರು ಜೊತೆಗಿರುವ ಕುಟುಂಬದ ಪ್ರತಿ ಸದಸ್ಯರಿಗೂ ಸರ್ಕಾರಕ್ಕೆ ತಿಂಗಳ ಶುಲ್ಕ ಕಟ್ಟಬೇಕು. 2017ರ ಜುಲೈನಲ್ಲಿ ತಲೆಗೆ 100 ರಿಯಾಲ್‌ನಿಂದ ಶುರುವಾಗಿ ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳು ಅಂದರೆ ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್. ರಿಯಾಲಿಗೆ 23 ರೂಪಾಯಿ ಅಂತ ಹಿಡಿದರೂ 3 ಲಕ್ಷ 31 ಸಾವಿರ. ಇದು ಶಾಲೆಯ ಫೀಸು ಕಟ್ಟುವ ಮೊದಲೇ ಹೋಗುವ ದುಡ್ಡು. ಈ ಶುಲ್ಕ ಬಂದಮೇಲೆ ಎಷ್ಟೋ ಜನ ಸಂಸಾರವನ್ನು ಊರಿಗೆ ಕಳಿಸಿ ತಾವೊಬ್ಬರೇ ಉಳಿದರು.

ಈ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ತಿಂಗಳಲ್ಲಿ ಕಂಪನಿಯ ಎಚ್ಆರ್ ಹತ್ತಿರ ಇನ್ನೊಮ್ಮೆ ಕೇಳಿ. ಕಂಪನಿ ಮಕ್ಕಳ ಶಾಲೆ ಫೀಸಿನಲ್ಲಿ ಪಾಲು ಕೊಡುತ್ತದೆಯೇ ಅನ್ನುವುದನ್ನೂ ಆಗಲೇ ಕೇಳಿ. ಕೊಡುತ್ತೇವೆ ಅಂದರೆ ಆಫರ್ ಲೆಟರ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಸಾಲದು.

ಹಂತ 2: ಕಮ್ಯುನಿಟಿ ಶಾಲೆ ಯಾವುದು, ಖಾಸಗಿ ಶಾಲೆ ಯಾವುದು ಗುರುತಿಸಿ

ಗಲ್ಫ್‌ನಲ್ಲಿ ನಮ್ಮ ಮಕ್ಕಳಿಗೆ ಅಲ್ಲಿನ ಸರ್ಕಾರಿ ಶಾಲೆ ಆಗಿಬರುವುದಿಲ್ಲ, ಪಾಠ ಅರೇಬಿಕ್‌ನಲ್ಲಿ. ಬ್ರಿಟಿಷ್, ಅಮೆರಿಕನ್ ಪಠ್ಯದ ಶಾಲೆಗಳ ಫೀಸು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಉಳಿಯುವುದು ಭಾರತೀಯ ಶಾಲೆಗಳು, ಹೆಚ್ಚಿನವು ಸಿಬಿಎಸ್‌ಇ. ಇವುಗಳಲ್ಲೂ ಎರಡು ಬಗೆ. ಒಂದು, ಲಾಭಕ್ಕಾಗಿ ನಡೆಯುವ ಖಾಸಗಿ ಶಾಲೆ. ಇನ್ನೊಂದು, ಅಲ್ಲಿ ನೆಲೆಸಿದ ಭಾರತೀಯರು ಸೇರಿ ಕಟ್ಟಿದ, ಲಾಭದ ಉದ್ದೇಶ ಇಲ್ಲದ ಕಮ್ಯುನಿಟಿ ಶಾಲೆ. ಇದನ್ನು ನಮ್ಮೂರ ಹಾಲಿನ ಡೇರಿಗೆ ಹೋಲಿಸಬಹುದು. ಹಾಲು ಹಾಕುವವರೇ ಸದಸ್ಯರು, ಅವರೇ ಕಮಿಟಿ ಆರಿಸುತ್ತಾರೆ, ಉಳಿದ ದುಡ್ಡು ಯಾರೋ ಒಬ್ಬರ ಜೇಬಿಗೆ ಹೋಗುವುದಿಲ್ಲ.

ಇವು ಹೊಸ ಸಂಸ್ಥೆಗಳಲ್ಲ. ಬಹರೇನ್‌ನ ಇಂಡಿಯನ್ ಸ್ಕೂಲ್ ಶುರುವಾಗಿದ್ದು 1950ರಲ್ಲಿ, ಅದರ ಆಡಳಿತ ಸಮಿತಿಯನ್ನು ಪೋಷಕರೇ ಮತ ಹಾಕಿ ಆರಿಸುತ್ತಾರೆ. ಕುವೈತ್‌ನ ಇಂಡಿಯನ್ ಕಮ್ಯುನಿಟಿ ಸ್ಕೂಲ್ 1959ರದ್ದು. ದುಬೈನ ಇಂಡಿಯನ್ ಹೈಸ್ಕೂಲ್ 1961ರಲ್ಲಿ ಶುರುವಾಯಿತು, ಅದೂ ಲಾಭರಹಿತ. ಸೌದಿಯ ಜೆದ್ದಾ, ರಿಯಾದ್, ದಮ್ಮಾಮ್‌ನಲ್ಲಿ ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿ ಇಂಟರ್‌ನ್ಯಾಷನಲ್ ಇಂಡಿಯನ್ ಸ್ಕೂಲ್‌ಗಳಿವೆ. ಅಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ವಿಭಾಗ ಬೇರೆ ಬೇರೆ. ಶಾರ್ಜಾದಲ್ಲಿ ಇಂಡಿಯನ್ ಅಸೋಸಿಯೇಷನ್ನೇ ಶಾಲೆ ನಡೆಸುತ್ತದೆ. ಒಮಾನ್‌ನಲ್ಲಿ ವ್ಯವಸ್ಥೆ ಇನ್ನೂ ಅಚ್ಚುಕಟ್ಟು: 1975ರಲ್ಲಿ ಶುರುವಾದ ಇಂಡಿಯನ್ ಸ್ಕೂಲ್ ಮಸ್ಕತ್ ಸೇರಿ ದೇಶದ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳು ಒಂದೇ ಬೋರ್ಡ್ ಆಫ್ ಡೈರೆಕ್ಟರ್ಸ್ ಕೆಳಗಿವೆ.

ಹೆಸರಿನಲ್ಲಿ "ಇಂಡಿಯನ್" ಅಂತ ಇದ್ದ ಮಾತ್ರಕ್ಕೆ ಕಮ್ಯುನಿಟಿ ಶಾಲೆ ಆಗುವುದಿಲ್ಲ. ಮೂರು ಪ್ರಶ್ನೆ ಕೇಳಿ. ಪೋಷಕರ ಸಭೆಯಲ್ಲಿ ಲೆಕ್ಕಪತ್ರ ಇಡುತ್ತಾರಾ? ಕಮಿಟಿಯಲ್ಲಿ ಪೋಷಕರು ಇದ್ದಾರಾ? ಫೀಸು ಏರಿಸುವಾಗ ಯಾರ ಒಪ್ಪಿಗೆ ಪಡೆಯುತ್ತಾರೆ? ಉತ್ತರ ಸ್ಪಷ್ಟವಾಗಿ ಬಂದರೆ ಸರಿ.

ಅದಕ್ಕಿಂತ ಮುಖ್ಯ, ಶಾಲೆಗೆ ಸಿಬಿಎಸ್‌ಇ ಮಾನ್ಯತೆ ಇದೆಯೇ ಅಂತ ಸಿಬಿಎಸ್‌ಇ ವೆಬ್‌ಸೈಟಿನಲ್ಲಿ ನೀವೇ ನೋಡಿ. ಹೊರದೇಶದ ಶಾಲೆಗಳ ಪಟ್ಟಿ, ಮಾನ್ಯತೆಯ ನಂಬರ್, ಎಷ್ಟನೇ ತರಗತಿಯವರೆಗೆ ಅನುಮತಿ, ಎಲ್ಲ ಅಲ್ಲಿರುತ್ತದೆ. 8ನೇ ತರಗತಿವರೆಗೆ ನಡೆಸಿ, 10ನೇ ತರಗತಿಗೆ "ನಾವೇ ವ್ಯವಸ್ಥೆ ಮಾಡ್ತೀವಿ" ಅನ್ನುವ ಕಡೆ ಮಗುವನ್ನು ಸೇರಿಸಬೇಡಿ.

ಹಂತ 3: ಯಾವ ತರಗತಿಯಲ್ಲಿ ಕರೆದೊಯ್ಯಬೇಕು, ಯಾವಾಗ ವಾಪಸ್ ತರಬೇಕು

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಇದೇ ಮುಖ್ಯ. ನಿಧಾನವಾಗಿ ಓದಿ.

ನಮ್ಮ ಮಕ್ಕಳಿಗೆ ಮುಂದೆ ಕರ್ನಾಟಕದಲ್ಲಿ ಎಂಜಿನಿಯರಿಂಗ್, ಕೃಷಿ, ಫಾರ್ಮಸಿ ಸೀಟು ಸರ್ಕಾರಿ ಕೋಟಾದಲ್ಲಿ ಬೇಕಾದರೆ ಸಿಇಟಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಅರ್ಹತೆ ಬೇಕು. ಅದರ ಮೊದಲ ನಿಯಮ ಹೀಗಿದೆ: 1ನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಒಟ್ಟು ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ, ಕಾಲೇಜಿನಲ್ಲಿ ಓದಿರಬೇಕು. ಜೊತೆಗೆ 10ನೇ ತರಗತಿ ಅಥವಾ 12ನೇ ತರಗತಿ, ಎರಡರಲ್ಲಿ ಒಂದನ್ನು ಕರ್ನಾಟಕದಲ್ಲೇ ಪಾಸು ಮಾಡಿರಬೇಕು.

ಈಗ ಲೆಕ್ಕ ಹಾಕಿ. 1ರಿಂದ 5ನೇ ತರಗತಿ ತುಮಕೂರಿನಲ್ಲಿ, 6ರಿಂದ 10 ಗಲ್ಫ್‌ನಲ್ಲಿ, ಪಿಯು ಎರಡು ವರ್ಷ ಮತ್ತೆ ತುಮಕೂರಿನಲ್ಲಿ. ಐದು ಕೂಡಿಸು ಎರಡು, ಏಳು. ಅರ್ಹತೆ ಉಳಿಯಿತು. ಅದೇ ಮಗುವನ್ನು 3ನೇ ತರಗತಿ ಮುಗಿದ ಕೂಡಲೇ ಕರೆದುಕೊಂಡು ಹೋಗಿ ಪಿಯುಗೆ ವಾಪಸ್ ತಂದರೆ ಐದೇ ವರ್ಷ, ಈ ನಿಯಮದಲ್ಲಿ ಸಾಲದು.

ಹಾಗಂತ ಗಾಬರಿ ಬೇಡ. ಇನ್ನೊಂದು ದಾರಿ ಇದೆ. ತಂದೆ ಅಥವಾ ತಾಯಿ, ಒಬ್ಬರಾದರೂ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲೇ ಓದಿ ಪಾಸಾದರೆ ಅರ್ಹತೆ ಸಿಗುತ್ತದೆ. ಗಲ್ಫ್‌ನಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಇದೇ ದಾರಿ. ಅದಕ್ಕೇ ಹೇಳುವುದು, ನಿಮ್ಮ ಹಳೆಯ ಶಾಲೆಯ ಸ್ಟಡಿ ಸರ್ಟಿಫಿಕೇಟನ್ನು ಈಗಲೇ ತೆಗೆಸಿ ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಹಾಕಿಸಿ ಇಡಿ. ಗುಬ್ಬಿಯ ಹಳ್ಳಿಯಲ್ಲಿ ನೀವು ಓದಿದ ಶಾಲೆ ಮುಂದೆ ಮಕ್ಕಳಿಲ್ಲದೆ ಮುಚ್ಚಿಹೋಗಬಹುದು. ಆಮೇಲೆ ಆ ದಾಖಲಾತಿ ಪುಸ್ತಕ ಯಾವ ಶಾಲೆಯ ಬೀರುವಿನಲ್ಲಿದೆ ಅಂತ ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಒಂದು ನಷ್ಟವನ್ನು ಮಾತ್ರ ತಿಳಿದೇ ಒಪ್ಪಿಕೊಳ್ಳಬೇಕು. ಗ್ರಾಮೀಣ ಕೋಟಾ ಮತ್ತು ಕನ್ನಡ ಮಾಧ್ಯಮ ಕೋಟಾ ಸಿಗಬೇಕಾದರೆ 1ರಿಂದ 10ನೇ ತರಗತಿ ಪೂರ್ತಿ ಗ್ರಾಮೀಣ ಪ್ರದೇಶದಲ್ಲಿ, ಅಥವಾ ಪೂರ್ತಿ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಒಂದು ವರ್ಷ ಹೊರಗೆ ಹೋದರೂ ಇವು ತಪ್ಪುತ್ತವೆ. ಮಗ ಹಳ್ಳಿಯ ಕನ್ನಡ ಶಾಲೆಯಲ್ಲಿ 8ನೇ ತರಗತಿವರೆಗೆ ಚೆನ್ನಾಗಿ ಓದುತ್ತಾ ಬಂದಿದ್ದಾನೆ ಅಂದರೆ, ಇನ್ನೆರಡು ವರ್ಷಕ್ಕಾಗಿ ಅವನನ್ನು ಎತ್ತಿಕೊಂಡು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ಅಜ್ಜಿ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಇದ್ದು ಎಸ್ಸೆಸ್ಸೆಲ್ಸಿ ಮುಗಿಸಲಿ.

ಇನ್ನೊಂದು ಕಟ್ಟುನಿಟ್ಟು: ಸಿಬಿಎಸ್‌ಇ ಶಾಲೆಗಳಲ್ಲಿ ಬೋರ್ಡ್ ನೋಂದಣಿ 9 ಮತ್ತು 11ನೇ ತರಗತಿಯಲ್ಲೇ ಆಗಿಬಿಡುತ್ತದೆ. ನೇರವಾಗಿ 10ಕ್ಕೋ 12ಕ್ಕೋ ಸೇರಿಸಿಕೊಳ್ಳುವುದು ತುಂಬಾ ಕಷ್ಟ, ಬೋರ್ಡಿನ ವಿಶೇಷ ಅನುಮತಿ ಬೇಕು. ರಾಜ್ಯ ಪಠ್ಯದಲ್ಲಿ 9 ಮುಗಿಸಿದ ಮಗುವನ್ನು ಕರೆದುಕೊಂಡು ಹೋದರೆ ಅಲ್ಲಿ ಮತ್ತೆ 9ರಲ್ಲೇ ಕೂರಿಸುವ ಸಾಧ್ಯತೆ ಜಾಸ್ತಿ.

12ನೇ ತರಗತಿಯನ್ನೂ ಅಲ್ಲೇ ಮುಗಿಸುವ ಜಾಣ ಮಕ್ಕಳಿಗೆ ಒಂದು ಅನುಕೂಲವಿದೆ. ಎನ್‌ಐಟಿಯಂಥ ಸಂಸ್ಥೆಗಳಲ್ಲಿ ಗಲ್ಫ್‌ನ ಭಾರತೀಯ ಕೆಲಸಗಾರರ ಮಕ್ಕಳಿಗಾಗಿ ಸಿಐಡಬ್ಲ್ಯುಜಿ ಅನ್ನುವ ಪ್ರತ್ಯೇಕ ವಿಭಾಗ ಇದೆ. ಜೆಇಇ ಮೇನ್ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಫೀಸು ಇಲ್ಲಿನ ಮಕ್ಕಳಿಗೆ ಇರುವಷ್ಟೇ, ಎನ್‌ಆರ್‌ಐ ದರ ಅಲ್ಲ. ಇದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇಲ್ಲ.

ಹಂತ 4: ಅಪ್ಪ ಮೊದಲು ಹೋಗಲಿ, ಸೀಟು ಹಿಡಿಯಲಿ

ಗಲ್ಫ್‌ನ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ಜುಲೈ, ಆಗಸ್ಟ್ ಬಿಸಿಲಿಗೆ ರಜೆ. ಹೊಸ ಪ್ರವೇಶದ ಓಡಾಟ ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲೇ ನಡೆಯುತ್ತದೆ. ಮಸ್ಕತ್ ಸುತ್ತಮುತ್ತಲಿನ ಭಾರತೀಯ ಶಾಲೆಗಳಿಗೆ ಒಂದೇ ಆನ್‌ಲೈನ್ ಅರ್ಜಿ. ಶಾಲೆಗಳನ್ನು ನಿಮ್ಮ ಆದ್ಯತೆಯಂತೆ ಬರೆದುಕೊಡಬೇಕು. ಅರ್ಜಿ ಜಾಸ್ತಿ, ಸೀಟು ಕಡಿಮೆ ಆದಾಗ ಡ್ರಾ ಎತ್ತುತ್ತಾರೆ. ಮನೆ ಹತ್ತಿರದ ಶಾಲೆಯೇ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಸೀಟು ತಿಳಿದಮೇಲೆ ಮನೆ ಬಾಡಿಗೆಗೆ ಹಿಡಿಯುವುದು ಒಳ್ಳೆಯದು.

ಅಪ್ಪ ಅಥವಾ ಅಮ್ಮ, ಕೆಲಸಕ್ಕೆ ಹೋಗುವವರು ಹಿಂದಿನ ವರ್ಷವೇ ಹೋಗಿ ನೆಲೆಯೂರಲಿ. ಶಾಲೆಗೆ ಖುದ್ದಾಗಿ ಹೋಗಿ ಆಫೀಸಿನಲ್ಲಿ ಕೇಳಲಿ: ಈ ತರಗತಿಗೆ ಸೀಟು ಇದೆಯಾ, ವೇಟಿಂಗ್ ಲಿಸ್ಟ್ ಎಷ್ಟು ಉದ್ದ, ಮಗುವಿನ ರೆಸಿಡೆನ್ಸ್ ಕಾರ್ಡ್ ಅರ್ಜಿ ಹಾಕುವಾಗಲೇ ಬೇಕಾ, ಅಥವಾ ಪಾಸ್‌ಪೋರ್ಟ್ ಮೇಲೆ ತಾತ್ಕಾಲಿಕವಾಗಿ ತೆಗೆದುಕೊಂಡು ಆಮೇಲೆ ಕಾರ್ಡ್ ಪಡೆಯುತ್ತಾರಾ? ಕಾರ್ಡ್ ಇಲ್ಲದೆ ಎಲ್ಲೂ ಪೂರ್ತಿ ಪ್ರವೇಶ ಆಗುವುದಿಲ್ಲ. ಅಷ್ಟರವರೆಗೆ ಮಕ್ಕಳು ಊರಿನ ಶಾಲೆಯಲ್ಲೇ ಇರಲಿ.

ವಯಸ್ಸಿನ ಲೆಕ್ಕದಲ್ಲಿ ಸಣ್ಣದೊಂದು ತೊಡಕಿದೆ. ಕರ್ನಾಟಕದಲ್ಲಿ 1ನೇ ತರಗತಿಗೆ ವಯಸ್ಸನ್ನು ಜೂನ್ 1ಕ್ಕೆ ನೋಡುತ್ತಾರೆ. ಏಪ್ರಿಲ್‌ನಲ್ಲಿ ಶುರುವಾಗುವ ಶಾಲೆಗಳು ಹೆಚ್ಚಾಗಿ ಮಾರ್ಚ್ 31ಕ್ಕೆ ನೋಡುತ್ತವೆ. ಮೇ 10ಕ್ಕೆ ಆರು ತುಂಬುವ ಮಗು ಇಲ್ಲಿ 1ನೇ ತರಗತಿಗೆ ಸಲ್ಲುತ್ತದೆ, ಅಲ್ಲಿ ಯುಕೆಜಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟಿದ ಮಕ್ಕಳ ಪೋಷಕರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಸೀಟು ಸಿಗಲೇ ಇಲ್ಲ ಅಂದರೆ? ಸ್ವಲ್ಪ ದೂರದ ಶಾಲೆ ನೋಡಿ. ಕೆಲವು ಕಡೆ ಎರಡು ಪಾಳಿ ನಡೆಯುತ್ತದೆ, ಮಧ್ಯಾಹ್ನದ ಪಾಳಿಯಲ್ಲಿ ಸೀಟು ಸಿಗುವುದುಂಟು. ಅದೂ ಆಗದಿದ್ದರೆ ಸಂಸಾರ ಇನ್ನೊಂದು ವರ್ಷ ತುಮಕೂರಿನಲ್ಲೇ ಇರಲಿ. ಹೇಗಾದರೂ ಆಗುತ್ತೆ ಅಂತ ಕರೆಸಿಕೊಂಡು ಮಗುವನ್ನು ಫ್ಲ್ಯಾಟಿನ ನಾಲ್ಕು ಗೋಡೆ ನಡುವೆ ಟಿವಿ ಮುಂದೆ ಕೂರಿಸುವುದು ಬೇಡ. ಹೊರಗೆ ಬಿಸಿಲು, ಆಡಲು ಜೊತೆಯಿಲ್ಲ, ಓದಿಲ್ಲ. ಅದು ಮಗುವಿಗೆ ಮಾಡುವ ಅನ್ಯಾಯ.

ಹಂತ 5: ಫೀಸಿನ ಪೂರ್ತಿ ಲೆಕ್ಕ

"ಟ್ಯೂಷನ್ ಫೀ ಇಷ್ಟು" ಅಂತ ಹೇಳಿದರೆ ಅದು ಅರ್ಧ ಮಾತು. ಪ್ರವೇಶ ಶುಲ್ಕ, ವಾಪಸ್ ಕೊಡುವ ಡೆಪಾಸಿಟ್, ಕಟ್ಟಡ ನಿಧಿ, ಲ್ಯಾಬ್, ಪುಸ್ತಕ, ಸಮವಸ್ತ್ರ, ಎಲ್ಲಕ್ಕಿಂತ ಹೆಚ್ಚಾಗಿ ಬಸ್ಸು. ಕಮ್ಯುನಿಟಿ ಶಾಲೆಯಲ್ಲಿ ಪಾಠದ ಫೀಸು ಕಡಿಮೆ ಇದ್ದರೂ ಬಸ್ಸಿನ ದುಡ್ಡು ಅದಕ್ಕೆ ಸರಿಸಮ ಆಗಿಬಿಡುವುದುಂಟು. ಮನೆಯನ್ನು ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಮಾಡಿದರೆ ಬಾಡಿಗೆ ತುಸು ಜಾಸ್ತಿಯಾದರೂ ಒಟ್ಟು ಲೆಕ್ಕದಲ್ಲಿ ಉಳಿತಾಯ ಆಗಬಹುದು. ಎರಡನ್ನೂ ಕಾಗದದ ಮೇಲೆ ಬರೆದು ನೋಡಿ. ಇಬ್ಬರು ಮಕ್ಕಳಿದ್ದರೆ ಎರಡನೆಯ ಮಗುವಿಗೆ ರಿಯಾಯಿತಿ ಇದೆಯಾ ಕೇಳಿ. ಕೇಳದೆ ಯಾರೂ ಹೇಳುವುದಿಲ್ಲ.

ದುಬೈನಲ್ಲಿ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಕೆಎಚ್‌ಡಿಎ ಅನ್ನುವ ಸರ್ಕಾರಿ ಸಂಸ್ಥೆ ಪ್ರತಿ ಶಾಲೆಯ ಒಪ್ಪಿತ ಫೀಸನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಶಾಲೆ ಕೇಳಿದ ಮೊತ್ತವನ್ನು ಅದರ ಜೊತೆ ತಾಳೆ ನೋಡಬಹುದು.

ಕೆಲಸ ಹೋದರೆ, ಸಂಬಳ ತಡವಾದರೆ ಏನು ಗತಿ ಅನ್ನುವುದನ್ನೂ ಯೋಚಿಸಿ. ಫೀಸು ಬಾಕಿ ಇದ್ದರೆ ಫಲಿತಾಂಶ, ಟಿಸಿ ತಡೆಹಿಡಿಯುವ ಶಾಲೆಗಳಿವೆ. ಒಂದು ಅವಧಿಯ ಫೀಸಿನಷ್ಟು ದುಡ್ಡು ಬೇರೆ ಎತ್ತಿಟ್ಟಿರಿ. ಕಷ್ಟ ಬಂದರೆ ಮುಚ್ಚಿಡದೆ ಶಾಲೆಯ ಕಮಿಟಿಗೆ ಅರ್ಜಿ ಕೊಡಿ. ಕಮ್ಯುನಿಟಿ ಶಾಲೆಯಲ್ಲಿ ಕೇಳುವ ಕಿವಿ ಸಿಗುವ ಸಾಧ್ಯತೆ ಖಾಸಗಿ ಶಾಲೆಗಿಂತ ಹೆಚ್ಚು. ಅಲ್ಲಿ ಕೂತವರೂ ನಿಮ್ಮಂತೆ ಪೋಷಕರೇ ಅಲ್ವಾ.

ಹಂತ 6: ಕಾಗದಪತ್ರ

ಮೊದಲು ಹೆಸರು. ಟಿಸಿಯಲ್ಲಿ "ಹರ್ಷಿತ್ ಜಿ.ಎಂ." ಅಂತ ಇರುತ್ತದೆ. ಜಿ ಅಂದರೆ ಗುಬ್ಬಿ, ಎಂ ಅಂದರೆ ಅಪ್ಪ ಮಂಜುನಾಥ. ಜನನ ಪ್ರಮಾಣಪತ್ರದಲ್ಲಿ ಬರೀ "ಹರ್ಷಿತ್". ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯುವುದರಿಂದ "ಹರ್ಷಿತ್ ಗುಬ್ಬಿ ಮಂಜುನಾಥ". ಊರಿನಲ್ಲಿ ಇದು ಯಾರಿಗೂ ತಲೆಬಿಸಿ ಅಲ್ಲ. ಅಲ್ಲಿ ಮೂರು ಕಾಗದದಲ್ಲಿ ಮೂರು ಮಕ್ಕಳು ಆಗಿಬಿಡುತ್ತಾರೆ. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಒಂದು ರೂಪ ಆರಿಸಿ, ಶಾಲೆಯ ದಾಖಲಾತಿಯನ್ನು ಅದಕ್ಕೆ ಹೊಂದಿಸಿ. ತಿದ್ದುಪಡಿಗೆ ಮುಖ್ಯೋಪಾಧ್ಯಾಯರ ಮೂಲಕ ಬಿಇಒ ಕಚೇರಿಗೆ ಅರ್ಜಿ ಹಾಕಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದಮೇಲೆ ಇದು ಬಹಳ ಕಷ್ಟ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದು ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟಿದ್ದರೆ ಇನ್ನೊಂದು ತೊಂದರೆ. 2022ರ ನವೆಂಬರ್‌ನಿಂದ ಯುಎಇ ಅಂಥ ಪಾಸ್‌ಪೋರ್ಟಿಗೆ ಪ್ರವಾಸಿ, ಭೇಟಿ ವೀಸಾ ಕೊಡಲು ತಕರಾರು ತೆಗೆಯುತ್ತದೆ. ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವವರೇ ಕಡಿಮೆ. ಅಪ್ಪನ ಹೆಸರನ್ನೇ ಆ ಜಾಗದಲ್ಲಿ ಬರೆಸಿ.

ಪಾಸ್‌ಪೋರ್ಟಿಗೆ ಬೆಂಗಳೂರಿಗೇ ಹೋಗಬೇಕಿಲ್ಲ, ತುಮಕೂರಿನಲ್ಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ ನಡೆಯುತ್ತದೆ. ಅಲ್ಲಿ ಶಾಲೆ ನಡುವೆ ಮುಗಿದುಹೋಗದಂತೆ ನೋಡಿಕೊಳ್ಳಿ.

ಆಮೇಲೆ ಟಿಸಿ. ಇಂಗ್ಲಿಷಿನಲ್ಲಿ ಬರೆದುಕೊಡಿ ಅಂತ ಕೇಳಿ. ಮಗುವಿನ ಸ್ಯಾಟ್ಸ್ ನಂಬರ್ (ರಾಜ್ಯದ ಶಾಲಾ ದಾಖಲೆಯ ಆನ್‌ಲೈನ್ ಗುರುತಿನ ಸಂಖ್ಯೆ) ಅದರಲ್ಲಿ ಇರಲಿ, ವಾಪಸ್ ಬಂದಾಗ ಅದರಿಂದಲೇ ಹಳೆಯ ದಾಖಲೆ ಸಿಗುತ್ತದೆ. ಬಿಇಒ ಮೇಲುರುಜು ಹಾಕಿಸಿ. ಮೇಲಿನ ಹಂತದ ಸಹಿ ಬೇಕೆಂದರೆ ಡಿಡಿಪಿಐ, ಅಂದರೆ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ. ನಮ್ಮ ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆ ಎರಡು ಇರುವುದನ್ನು ಮರೆಯಬೇಡಿ. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಯವರು ಮಧುಗಿರಿಗೆ ಹೋಗಬೇಕು, ಉಳಿದ ಆರು ತಾಲ್ಲೂಕಿನವರು ತುಮಕೂರಿಗೆ. ಪಾವಗಡದಿಂದ ಸುಮ್ನೆ ತುಮಕೂರಿನವರೆಗೆ ಬಂದು ವಾಪಸ್ ಹೋದವರನ್ನು ನೋಡಿದ್ದೇನೆ. ಇದರ ಜೊತೆಗೇ ಇಲ್ಲಿ ಓದಿದ ಅಷ್ಟೂ ವರ್ಷಗಳ ಸ್ಟಡಿ ಸರ್ಟಿಫಿಕೇಟನ್ನೂ ತೆಗೆಸಿಕೊಳ್ಳಿ. ಹಂತ 3ರಲ್ಲಿ ಹೇಳಿದ ಏಳು ವರ್ಷದ ಲೆಕ್ಕಕ್ಕೆ ಅದೇ ಆಧಾರ.

ಮುಂದಿನದು ಅಟೆಸ್ಟೇಶನ್. ಟಿಸಿ, ಜನನ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರಗಳಿಗೆ ಮೊದಲು ರಾಜ್ಯ ಸರ್ಕಾರದ ಮುದ್ರೆ, ಬಳಿಕ ವಿದೇಶಾಂಗ ಸಚಿವಾಲಯದ ಮುದ್ರೆ ಬೇಕು. ಒಮಾನ್, ಬಹರೇನ್, ಸೌದಿಗೆ ಸಚಿವಾಲಯ ಹಾಕುವ ಅಪೊಸ್ಟಿಲ್ ಅನ್ನುವ ಮುದ್ರೆ ಸಾಕು, ಅಂತರರಾಷ್ಟ್ರೀಯ ಒಪ್ಪಂದವೊಂದರಂತೆ ಅದರ ಸದಸ್ಯ ದೇಶಗಳು ಇದನ್ನು ಒಪ್ಪುತ್ತವೆ. ಸೌದಿಯಲ್ಲಿ ಈ ಒಪ್ಪಂದ ಜಾರಿಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ. ಯುಎಇ, ಕುವೈತ್, ಕತಾರ್‌ಗೆ ಹೋಗುವವರು ಸಚಿವಾಲಯದ ಮುದ್ರೆ ಆದಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯನ್ನೂ ಹಾಕಿಸಬೇಕು. ಖರ್ಚೂ ಜಾಸ್ತಿ, ದಿನವೂ ಜಾಸ್ತಿ. ಸಚಿವಾಲಯ ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ, ತಾನೇ ನೇಮಿಸಿದ ಏಜೆನ್ಸಿಗಳ ಮೂಲಕ ಪಡೆಯುತ್ತದೆ. ಅವುಗಳ ಹೆಸರು ಸಚಿವಾಲಯದ ವೆಬ್‌ಸೈಟಿನಲ್ಲೇ ಇವೆ. ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಅದರ ಮೇಲೆ ಏಜೆನ್ಸಿಯ ಸಣ್ಣ ಸೇವಾ ಶುಲ್ಕ. ಊರಿನ ದಲ್ಲಾಳಿ ಒಂದು ಟಿಸಿಗೆ ಸಾವಿರಗಟ್ಟಲೆ ಕೇಳಿದಾಗ ಈ 50 ರೂಪಾಯಿ ನೆನಪಿರಲಿ. ಓಡಾಡಲು ಆಗದವರು ದಲ್ಲಾಳಿಗೆ ಕೊಟ್ಟರೆ ತಪ್ಪಿಲ್ಲ, ಆದರೆ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ.

ಎಲ್ಲ ಶಾಲೆಗಳೂ ಎಲ್ಲ ಮುದ್ರೆ ಕೇಳುವುದಿಲ್ಲ. ಚಿಕ್ಕ ತರಗತಿಗೆ ಬಿಇಒ ಮೇಲುರುಜು ಇದ್ದರೆ ಸಾಕು ಅನ್ನುವವರೂ ಇದ್ದಾರೆ. ಶಾಲೆಯಿಂದ ಪಟ್ಟಿ ತರಿಸಿಕೊಂಡ ಮೇಲೆ ಕೆಲಸ ಶುರು ಮಾಡಿ. ಮಾರ್ಚ್ ಪರೀಕ್ಷೆ ಮುಗಿದು ಇಲ್ಲಿ ಫಲಿತಾಂಶ ಬರುವುದು ಏಪ್ರಿಲ್‌ನಲ್ಲಿ, ಅಷ್ಟರಲ್ಲಿ ಅಲ್ಲಿ ತರಗತಿ ಆರಂಭವಾಗಿರುತ್ತದೆ. ಟಿಸಿ ಇಂತಿಷ್ಟು ದಿನದಲ್ಲಿ ಕೊಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟು ಸೇರಿಸಲು ಆಗುತ್ತದೆಯೇ ಕೇಳಿ.

ಹಂತ 7: ಮಗುವನ್ನು ತಯಾರು ಮಾಡಿ

ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನಾನು ಕಂಡ ಹಾಗೆ ಇಂಗ್ಲಿಷಿಗಿಂತ ಹೆಚ್ಚು ಕಾಡುವುದು ಹಿಂದಿ. ನಮ್ಮ ರಾಜ್ಯ ಪಠ್ಯದಲ್ಲಿ ಹಿಂದಿ ಶುರುವಾಗುವುದೇ 6ನೇ ತರಗತಿಯಲ್ಲಿ. ಅಲ್ಲಿ ಹೆಚ್ಚಿನ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಹಿಂದಿ ಓದಿರುತ್ತಾರೆ. 5ನೇ ತರಗತಿಗೆ ಸೇರುವ ನಮ್ಮ ಮಗು ಅಕ್ಷರವೂ ಬಾರದೆ, ಪಾಠ ಬರೆಯುವ ಮಕ್ಕಳ ನಡುವೆ ಕೂರಬೇಕು. ಜಾಣ ಮಗು ಕೂಡ ಮಂಕಾಗುವುದು ಇಲ್ಲೇ.

ಹೊರಡುವ ಆರು ತಿಂಗಳ ಮುಂಚೆ ದಿನಕ್ಕೆ ಅರ್ಧ ಗಂಟೆ ಹಿಂದಿ ಕಲಿಸಿ. ಪಕ್ಕದ ಹೈಸ್ಕೂಲಿನ ಹಿಂದಿ ಮೇಷ್ಟರನ್ನೋ ಟೀಚರನ್ನೋ ಕೇಳಿಕೊಳ್ಳಿ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಪುಸ್ತಕಗಳೆಲ್ಲ ಅದರ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. 1, 2ನೇ ತರಗತಿಯ ಹಿಂದಿ ಪುಸ್ತಕದಿಂದ ಶುರು ಮಾಡಿ. ಗಣಿತ, ವಿಜ್ಞಾನಕ್ಕೆ ಅಷ್ಟು ಹೆದರಬೇಕಿಲ್ಲ. ಕರ್ನಾಟಕದ 9, 10ನೇ ತರಗತಿಯ ಈ ಪುಸ್ತಕಗಳು ಎನ್‌ಸಿಇಆರ್‌ಟಿಯವೇ. ಕನ್ನಡದಲ್ಲಿ ಕಲಿತ ಭಿನ್ನರಾಶಿ, ದ್ಯುತಿಸಂಶ್ಲೇಷಣೆಗೆ ಇಂಗ್ಲಿಷ್ ಹೆಸರು ಬರೆದುಕೊಂಡ ಒಂದು ನೋಟ್‌ಬುಕ್ ಮಾಡಿಸಿದರೆ ಮಗು ಬೇಗ ಹೊಂದಿಕೊಳ್ಳುತ್ತದೆ.

ಯುಎಇಯಲ್ಲಿ ಖಾಸಗಿ ಶಾಲೆಯ ಮಕ್ಕಳಿಗೆ 9ನೇ ತರಗತಿವರೆಗೆ ಅರೇಬಿಕ್ ಕಡ್ಡಾಯ. ಅದಕ್ಕೆ ಮೊದಲೇ ತಯಾರಿ ಬೇಕಿಲ್ಲ, ಎಷ್ಟೋ ಮಕ್ಕಳು ಅಲ್ಲೇ ಅಕ್ಷರದಿಂದ ಶುರು ಮಾಡುತ್ತಾರೆ.

ಹಂತ 8: ಕನ್ನಡ ಕೈಬಿಡಬೇಡಿ

ಇದು ಬರೀ ಅಭಿಮಾನದ ಮಾತಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಕರ್ನಾಟಕದ ಶಾಲೆಗಳಲ್ಲಿ, ಸಿಬಿಎಸ್‌ಇ ಶಾಲೆ ಸೇರಿ, ಕನ್ನಡ ಕಲಿಯಲೇಬೇಕು. 7ನೇ ತರಗತಿಗೋ 8ನೇ ತರಗತಿಗೋ ವಾಪಸ್ ಬರುವ ಮಗು ಕನ್ನಡ ಓದಲು ಬಾರದಿದ್ದರೆ ಮೊದಲ ತಿಂಗಳೇ ಸೋಲುತ್ತದೆ.

ಸಿಬಿಎಸ್‌ಇ 10ನೇ ತರಗತಿಯಲ್ಲಿ ಕನ್ನಡ ಒಂದು ವಿಷಯವಾಗಿ ಇದೆ, ಅದರ ಕೋಡ್ 015. ಶಾಲೆಯಲ್ಲಿ ಕನ್ನಡ ಕಲಿಸುವವರು ಇದ್ದಾರಾ ಅಂತ ಕೇಳಿ. ಸಾಮಾನ್ಯವಾಗಿ ಹಿಂದಿ, ಮಲಯಾಳಂ, ಫ್ರೆಂಚ್ ಸಿಗುವಷ್ಟು ಸುಲಭವಾಗಿ ಕನ್ನಡ ಸಿಗುವುದಿಲ್ಲ. ಆದರೆ ಕಮ್ಯುನಿಟಿ ಶಾಲೆಯಲ್ಲಿ ಸಾಕಷ್ಟು ಕನ್ನಡದ ಪೋಷಕರು ಸೇರಿ ಬರೆದುಕೊಟ್ಟರೆ ಕಮಿಟಿ ಕೇಳಬೇಕಾಗುತ್ತದೆ. ಮಲಯಾಳಿಗಳು ತಮ್ಮ ಭಾಷೆಯನ್ನು ಶಾಲೆಗಳಲ್ಲಿ ಉಳಿಸಿಕೊಂಡಿದ್ದಾರೆ. ನಾವೂ ಕೇಳೋಣ.

ದುಬೈನಲ್ಲಿ ಕನ್ನಡ ಮಿತ್ರರು ಸಂಘಟನೆ 2014ರಿಂದ ಕನ್ನಡ ಪಾಠಶಾಲೆ ನಡೆಸುತ್ತಿದೆ, ಮಕ್ಕಳಿಗೆ ಉಚಿತ. ಬಹರೇನ್‌ನಲ್ಲಿ ಕನ್ನಡ ಸಂಘಕ್ಕೆ ಸ್ವಂತ ಭವನವೇ ಇದೆ. ಇಂಥದ್ದು ಯಾವುದೂ ಇಲ್ಲದ ಊರಾದರೆ ನಾನು ಮೊಮ್ಮಕ್ಕಳಿಗೆ ಮಾಡುವುದನ್ನೇ ನೀವೂ ಮಾಡಬಹುದು: ರಜೆಯ ದಿನ ಬೆಳಿಗ್ಗೆ ವಿಡಿಯೊ ಕಾಲ್‌ನಲ್ಲಿ ಅಜ್ಜ ಒಂದು ಪುಟ ಓದಿಸುತ್ತಾನೆ, ಮಕ್ಕಳು ಐದು ಸಾಲು ಬರೆದು ಫೋಟೊ ಕಳಿಸುತ್ತಾರೆ. ಮೊಮ್ಮಗಳು ಒತ್ತಕ್ಷರದಲ್ಲಿ ಎಡವುತ್ತಿದ್ದಳು. "ಅಕ್ಕ"ವನ್ನು "ಅಕ" ಅಂತ ಬರೆದು ಕಳಿಸಿದಾಗ "ನಿಮ್ಮಕ್ಕನ ಕಾಲು ಎಲ್ಲಿ ಹೋಯ್ತು ಪುಟ್ಟಿ?" ಅಂತ ಕೇಳಿದ್ದೆ. ಆಮೇಲೆ ಒತ್ತು ಬಿಟ್ಟಿಲ್ಲ.

ಹಂತ 9: ವಾಪಸ್ ಬರುವಾಗ

ಸಾಧ್ಯವಾದರೆ ಮಾರ್ಚ್‌ನಲ್ಲಿ ವರ್ಷ ಮುಗಿಸಿಯೇ ಬನ್ನಿ. ಟಿಸಿ, ಎಲ್ಲ ವರ್ಷಗಳ ಅಂಕಪಟ್ಟಿ, ನಡತೆ ಪ್ರಮಾಣಪತ್ರ ಕೇಳಿ ಪಡೆಯಿರಿ. ಡೆಪಾಸಿಟ್ ವಾಪಸ್ ಪಡೆಯುವ ಅರ್ಜಿಯನ್ನೂ ಅದೇ ದಿನ ಕೊಡಿ. ಟಿಸಿಗೆ ಅಲ್ಲಿನ ಶಿಕ್ಷಣ ಇಲಾಖೆ ಮತ್ತು ಭಾರತೀಯ ರಾಯಭಾರ ಕಚೇರಿಯ ಮುದ್ರೆ ಹಾಕಿಸಿಕೊಂಡೇ ವಿಮಾನ ಹತ್ತಿ. ಊರಿಗೆ ಬಂದಮೇಲೆ ಅದನ್ನು ಇಲ್ಲಿಂದ ಮಾಡಿಸುವುದು ದೊಡ್ಡ ತಲೆನೋವು.

ಇಲ್ಲಿನ ಶಾಲೆ "ಕಾಗದ ಪೂರ್ತಿ ಇಲ್ಲ" ಅಂತ ಮಗುವನ್ನು ಹೊರಗೆ ನಿಲ್ಲಿಸಿದರೆ ಬಿಇಒ ಹತ್ತಿರ ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವ ಹಾಗಿಲ್ಲ, ಟಿಸಿ ತಡವಾದ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವ ಹಾಗೂ ಇಲ್ಲ. 10 ಮುಗಿಸಿ ಪಿಯುಗೆ ಬರುವವರಿಗೆ ಮಾತ್ರ ಒಂದು ಹೆಚ್ಚಿನ ಕೆಲಸ: ಹೊರಗಿನಿಂದ ಬಂದ ವಿದ್ಯಾರ್ಥಿಗಳು ಪದವಿಪೂರ್ವ ಶಿಕ್ಷಣ ಇಲಾಖೆಯಿಂದ ಅರ್ಹತಾ ಪತ್ರ ಪಡೆಯಬೇಕಾಗಬಹುದು. ಸಿಬಿಎಸ್‌ಇ ಫಲಿತಾಂಶ ಬಂದ ವಾರವೇ ಕಾಲೇಜಿನ ಆಫೀಸಿನಲ್ಲಿ ಇದರ ಅರ್ಜಿ ಬಗ್ಗೆ ಕೇಳಿ. ತುಮಕೂರಿನ ಒಳ್ಳೆಯ ಪಿಯು ಕಾಲೇಜುಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆನ್ನಲ್ಲೇ ಸೀಟು ತುಂಬುತ್ತಾ ಹೋಗುತ್ತವೆ. ಹಾಗಾಗಿ ಮಗು ಅಲ್ಲಿ ಪರೀಕ್ಷೆ ಬರೆಯುತ್ತಿರುವಾಗಲೇ ಊರಿನಲ್ಲಿರುವ ಅಜ್ಜನೋ ಚಿಕ್ಕಪ್ಪನೋ ಹೋಗಿ ಅರ್ಜಿ ತಂದು ತುಂಬಿಸಿಡಲಿ.